ಟಕ್ ಟಕ್ ನಿಂತಿತು

ಮೂರು ವಾರದಿಂದ ನಮ್ಮ 1967ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರು ನಿಂತಲ್ಲೇ ಟಕ್ ಟಕ್ ಅನ್ನುತ್ತಿತ್ತು. ಬೇರಿಂಗ್ ಹೋಗಿದೆ, ಇಂಜಿನ್ ಪೂರ್ತಿ ಬಿಚ್ಚಬೇಕು ಎಂದು ಇಬ್ಬರು ಹೇಳಿದರು. ನನಗೆ ನಿದ್ದೆಯೇ ಇಲ್ಲ. ಆದರೆ ಕ್ಲಚ್ ಒತ್ತಿದಾಗ ಸದ್ದು ಬದಲಾಗುತ್ತಿತ್ತು. ಬೇರಿಂಗ್ ಆದರೆ ಹಾಗೆ ಯಾಕೆ ಬದಲಾಗಬೇಕು, ಅಲ್ವಾ?

ಭಾನುವಾರ ಗೆಳೆಯನೂ ನಾನೂ ಸೇರಿ ಇಂಜಿನ್ ಇಳಿಸಿದೆವು. ಕ್ಲಚ್ ತೆಗೆದು, ಅದು ಕೂರುವ ಚಕ್ರ, ಅಂದರೆ ಫ್ಲೈವೀಲ್ ಹಿಡಿದು ಅಲ್ಲಾಡಿಸಿದರೆ, ನಿಜಕ್ಕೂ ಅಲ್ಲಾಡಿತು! ಅಷ್ಟು ಭಾರದ ಚಕ್ರವನ್ನು ಹಿಡಿದಿಡುವುದು ನಡುವಿನ ಒಂದೇ ಒಂದು 36 ಎಂಎಂ ನಟ್ಟು, ಜೊತೆಗೆ ಚಕ್ರ ಜಾರದಂತೆ ತೂತಿನಲ್ಲಿ ಕೂರುವ ನಾಲ್ಕು ಡೋವೆಲ್ ಪಿನ್ನು. ನಟ್ಟು ಸಡಿಲವಾಗಿತ್ತು. ಪುಣ್ಯಕ್ಕೆ ಪಿನ್ನಿನ ತೂತುಗಳು ಸವೆದು ಅಗಲವಾಗಿರಲಿಲ್ಲ. ಆಗಿದ್ದರೆ ಚಕ್ರ ಕೂತಿರುವ ಇಂಜಿನ್ನಿನ ತಿರುಗುವ ದಂಡ ಕ್ರ್ಯಾಂಕ್‌ಶಾಫ್ಟಿಗೇ ಕುತ್ತು.

ಹೊಸ ಆಯಿಲ್ ಸೀಲ್ ಹಾಕಿದೆವು. ಶಿಮ್ ಎಂಬ ತೆಳು ಬಿಲ್ಲೆಗಳನ್ನು ಇಟ್ಟು ಎಂಡ್ ಪ್ಲೇ, ಅಂದರೆ ಆ ದಂಡ ಹಿಂದೆ ಮುಂದೆ ಜರುಗುವ ಅಂತರ ಅಳೆದೆವು, 0.10 ಎಂಎಂ ಬಂತು. 0.07ರಿಂದ 0.13ರ ಒಳಗಿದ್ದರೆ ಸರಿ. ಆಮೇಲೆ ನಟ್ಟು. ಒಂದು ಮೀಟರ್ ಉದ್ದದ ಪೈಪಿನ ತುದಿಗೆ 35 ಕೆಜಿ ಭಾರ ಬಿಟ್ಟಷ್ಟು ಬಿಗಿ ಬೇಕು. ಸುಮ್ನೆ ಅಂದಾಜಿನಲ್ಲಿ ಬಿಗಿಯುವ ನಟ್ಟಲ್ಲ ಇದು.

ಅಪ್ಪ ಸ್ಕ್ರೂಡ್ರೈವರನ್ನು ಕಿವಿಗಿಟ್ಟುಕೊಂಡು ಇಂಜಿನ್ನಿನ ಸದ್ದು ಕೇಳುತ್ತಿದ್ದರು. ಸಂಜೆ ಕಾರು ಸ್ಟಾರ್ಟ್ ಆದಾಗ ಅವರು ಇರಬೇಕಿತ್ತು ಅನ್ನಿಸಿತು.