ಕಕ್ಕಡದ ಮಳೆಯಲ್ಲಿ ಹಿಪ್ಪುನೇರಳೆ ಚಹಾ: ಕೊನೆಗೂ ಹಸಿರು!

ಕೊನೆಗೂ ಸೊಪ್ಪು ಹಸಿರಾಗೇ ಒಣಗಿತು. ಕಕ್ಕಡ ನಮ್ಮ ಕೊಡಗಿನ ಮಳೆಗಾಲದ ತಿಂಗಳು. ಅದರ 18ಕ್ಕೆ ಊರಿಗೆ ಊರೇ ಮದ್ದು ಸೊಪ್ಪಿನ ಪಾಯಸ ತಿನ್ನುತ್ತದೆ, ಅದಕ್ಕೆ ಯಾರೂ ನಗುವುದಿಲ್ಲ. ನಾನು ಹಿಪ್ಪುನೇರಳೆ ಸೊಪ್ಪಿನ ಚಹಾ ಅಂದರೆ ಮಾತ್ರ ಎಲ್ಲರಿಗೂ ನಗು.

ಕಡ್ಡಿ ನೆಡುವುದು, ಸವರುವುದು ನಿಮಗೆ ಗೊತ್ತಿರುವುದೇ, ಬಿಡಿ. ಬಾಣೆಯ (ಗದ್ದೆಗೆ ಸೇರಿದ ಎತ್ತರದ ಜಾಗ) ಇಳಿಜಾರಿನಲ್ಲಿ ಮಣ್ಣು ನಿಲ್ಲಲಿ ಅಂತ ಒಂದು ಸಾಲು ವಿ-1 ಅನ್ನುವ ಹಿಪ್ಪುನೇರಳೆ ತಳಿ ಹಾಕಿದ್ದೆ. ತಕರಾರು ಈ ತಳಿಯದ್ದೇ. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯವರು ಇದನ್ನು ಮಾಡಿದ್ದು ಹುಳಕ್ಕಾಗಿ. ಎಲೆ ದಪ್ಪ, ರಸ ಜಾಸ್ತಿ, ಕೊಯ್ದ ಮೇಲೂ ಬೇಗ ಬಾಡುವುದಿಲ್ಲ. ರೇಷ್ಮೆ ಬೆಳೆಯುವವರಿಗೆ ಅದೇ ಬೇಕು. ಒಣಗಿಸಲು ಹೊರಟವನಿಗೆ ಅದೇ ಶಾಪ. ತೂಕದಲ್ಲಿ ಮುಕ್ಕಾಲು ಪಾಲು ನೀರು, ಅದನ್ನು ಬಿಟ್ಟುಕೊಡಲು ಎಲೆಗೆ ಮನಸ್ಸೇ ಇಲ್ಲ.

ಇಲ್ಲಿ ಗಾಳಿಯೂ ಒದ್ದೆ. ಜಗಲಿಯಲ್ಲಿ ಹರಡಿದ್ದು ಕಪ್ಪಾಯಿತು. ಒಲೆಯ ಮೇಲಿನ ಅಟ್ಟದಲ್ಲಿಟ್ಟದ್ದು ಚೆನ್ನಾಗಿಯೇ ಒಣಗಿತು, ಆದರೆ ಹೊಗೆಗೆ ಕಟ್ಟಿದ ಹಂದಿಮಾಂಸದ ವಾಸನೆ. "ಕಾಚಂಪುಳಿ ಒಂದು ಬಾಕಿ" ಅಂದಳು ಮನೆಯವಳು, ಹಂದಿಕರಿಗೆ ಹಾಕುವ ನಮ್ಮ ಕಪ್ಪು ಹುಳಿ ಅದು. ಡ್ರೈಯರ್ ತರಿಸಿದೆ. ಡಬ್ಬದ ಮೇಲೆ 60 ಡಿಗ್ರಿ ಅಂತಿದೆ, ಒಳಗೆ ಥರ್ಮಾಮೀಟರ್ ಇಟ್ಟರೆ 40 ದಾಟುವುದಿಲ್ಲ. ಮಾರಿದವನಿಗೆ ಫೋನ್ ಮಾಡಿದರೆ, "ನಿಮ್ಮ ಕಡೆ ಚಳಿ ಅಲ್ವಾ ಸಾರ್!"

ಬೇರೆ ಡ್ರೈಯರ್ ಬಂದ ಮೇಲೂ ಅದೇ ಕಥೆ. ಎಲೆಯ ಅಂಚು ಮುಟ್ಟಿದರೆ ಪುಡಿ, ನಡುವಿನ ನರ ಇನ್ನೂ ಹಸಿ. ಡಬ್ಬಿಗೆ ತುಂಬಿದರೆ ಆ ನರದ ತೇವ ಎಲ್ಲ ಕಡೆ ಹರಡಿ ಬೂಸ್ಟು. ಕಗ್ಗಂಟು ಇದ್ದದ್ದು ಅಲ್ಲಿ.

ಈಗ ಮಾಡುವುದು ಹೀಗೆ. ತೊಟ್ಟು, ನಡುನರ ಎರಡನ್ನೂ ಕಿತ್ತು ಗೊಬ್ಬರದ ಗುಂಡಿಗೆ. ಉಳಿದ ಎಲೆಗೆ ಕಡುಂಬುಟ್ಟು (ಅಕ್ಕಿ ಕಡುಬು) ಬೇಯಿಸುವ ಪಾತ್ರೆಯಲ್ಲಿ ಒಂದು ನಿಮಿಷ ಹಬೆ. ಎಲೆಯನ್ನು ಕಪ್ಪು ಮಾಡುವ ಕಿಣ್ವ ಅಲ್ಲೇ ಸಾಯುತ್ತದೆ. ಆಮೇಲೆ ಸಣ್ಣಗೆ ಹೆಚ್ಚಿ, ತೆಳ್ಳಗೆ ಹರಡಿ, ನಿಜವಾದ 60 ಡಿಗ್ರಿಗೆ.

ಹಬೆಯ ಬದಲು ನೀರಿನಲ್ಲಿ ಕುದಿಸಬೇಡಿ. ಈ ಸೊಪ್ಪಿನ ಅಸಲಿ ಸರಕು ಡಿಎನ್‌ಜೆ ಅನ್ನುವ ರಾಸಾಯನಿಕ, ಅದು ನೀರಿನ ಜೊತೆ ಬಚ್ಚಲಿಗೆ ಹೋಗುತ್ತದೆ. ನೋಡಲು ಸಕ್ಕರೆಯ ವೇಷ. ಕರುಳಿನಲ್ಲಿ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವವನ್ನು ತಡೆಯುತ್ತದೆ. ಕುಡಿ ಎಲೆಯಲ್ಲಿ ಜಾಸ್ತಿ. ಗಿಡ ಇದನ್ನು ಇಟ್ಟುಕೊಂಡಿರುವುದು ನಮ್ಮ ಶುಗರ್‌ಗೆ ಅಲ್ಲ. ಎಲೆ ಮುರಿದರೆ ಬರುವ ಹಾಲಿನಲ್ಲಿ ಇಂಥವೇ ತುಂಬಿವೆ, ಬೇರೆ ಹುಳ ತಿಂದರೆ ವಿಷ. ರೇಷ್ಮೆ ಹುಳಕ್ಕೆ ಮಾತ್ರ ಏನೂ ಆಗುವುದಿಲ್ಲ. ಶುಗರ್ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಈ ಚಹಾ ಶುರು ಮಾಡಬೇಡಿ.

ನರ್ಸರಿಯವರ ವಿಷಯಕ್ಕೆ ಬರೋಣ. "ಇರಾನಿನ ಕಪ್ಪು ಹಣ್ಣಿನದು" ಅಂತ ದುಬಾರಿ ಸಸಿ ಕಳಿಸಿದ್ದಾರೆ. ನಿಜವಾದ ಕಪ್ಪು ಹಿಪ್ಪುನೇರಳೆ ಮೋರಸ್ ನೈಗ್ರಾಗೆ 308 ವರ್ಣತಂತು, ಬಿಳಿ ಹಿಪ್ಪುನೇರಳೆ ಆಲ್ಬಾಗೆ 28. ಅದನ್ನು ಎಣಿಸಲು ನನ್ನಿಂದಾಗದು. ಆದರೆ ನೈಗ್ರಾದ ಎಲೆ ಮುಟ್ಟಿದರೆ ಒರಟು, ನನಗೆ ಬಂದದ್ದು ನುಣ್ಣಗೆ ಹೊಳೆಯುತ್ತಿದೆ. ಆಲ್ಬಾದಲ್ಲೂ ಕಪ್ಪು ಹಣ್ಣು ಬಿಡುತ್ತದೆ, ಅಷ್ಟಕ್ಕೇ ಹೆಸರು ಬದಲಾಯಿಸಿದರೆ ಹೇಗೆ? ಇರಲಿ, ಹಣ್ಣು ತಿನ್ನಲು ಅಡ್ಡಿಯಿಲ್ಲ.

ಸವರಿದ ಕೊಂಬೆಗಳು ಕೊಟ್ಟಿಗೆಯಲ್ಲಿ ರಾಶಿ ಬಿದ್ದಿವೆ. ತೊಗಟೆಯ ನಾರಿನಿಂದ ಕಾಗದ ಮಾಡುವ ಯೋಚನೆ. ಇದಕ್ಕೆ ಹೆಸರುವಾಸಿಯಾದ ಕಾಗದದ ಹಿಪ್ಪುನೇರಳೆ ಅದೇ ಕುಟುಂಬದ ಬೇರೆ ಗಿಡ, ಆದರೆ ಇದರ ನಾರೂ ಗಟ್ಟಿ. ಬೇಯಿಸಲು ವಾಷಿಂಗ್ ಸೋಡಾ ಸಾಕಾ, ಒಲೆ ಬೂದಿಯ ನೀರು ಒಳ್ಳೆಯದಾ? ಮಾಡಿ ನೋಡಿದವರು ಹೇಳಿ.