ಅಮ್ಮನ ಹಚ್ಚೆ

ನಿನ್ನೆ ಸಂಜೆ ತಂಗಿಯ ಮಗಳು ತಾನು ತೆಗೆದ ಚಿತ್ರಗಳನ್ನು ಊಟದ ಮೇಜಿನ ಮೇಲೆ ಹರಡಿದಳು. ಎಲ್ಲದರಲ್ಲೂ ನಮ್ಮ ಅಮ್ಮನ ಮುಂಗೈ. ಹಸಿರು ಹಚ್ಚೆ ಸುಕ್ಕುಗಳೊಳಗೆ ಇಳಿದುಹೋಗಿದೆ. ಒಂದರಲ್ಲಂತೂ ಚುಕ್ಕಿ ಯಾವುದು, ನರ ಯಾವುದು ತಿಳಿಯುವುದೇ ಇಲ್ಲ. “ಇದನ್ನೆಲ್ಲ ಯಾರು ನೋಡುತ್ತಾರೆ ದೊಡ್ಡಮ್ಮ?” ಎಂದಳು.

ನನಗೆ ಢಾಕಾ ನೆನಪಾಯಿತು. ಬಾಂಗ್ಲಾದೇಶವೆಂದರೆ ನೆರೆ, ಬಡತನ ಎಂದಷ್ಟೇ ಹೊರಗಿನವರ ಕ್ಯಾಮೆರಾ ತೋರಿಸುತ್ತಿದ್ದಾಗ ಅಲ್ಲಿನ ಛಾಯಾಗ್ರಾಹಕ ಶಾಹಿದುಲ್ ಆಲಂ 1989ರಲ್ಲಿ ದೃಕ್ ಎಂಬ ಛಾಯಾಚಿತ್ರ ಸಂಸ್ಥೆ ಕಟ್ಟಿದರು. 1998ರಲ್ಲಿ ಪಾಠಶಾಲಾ ಎಂಬ ಛಾಯಾಗ್ರಹಣ ಶಾಲೆ, ಆಮೇಲೆ ಛೋಬಿ ಮೇಳ ಎಂಬ ಛಾಯಾಚಿತ್ರ ಉತ್ಸವ. ಮೇಳದ ಚಿತ್ರಗಳನ್ನು ಸೈಕಲ್ ರಿಕ್ಷಾ ಗಾಡಿಗಳ ಮೇಲೇರಿಸಿ ಬೀದಿಗಳಲ್ಲಿ ಸುತ್ತಿಸಿದರು! ಗ್ಯಾಲರಿಯ ಮೆಟ್ಟಿಲು ಹತ್ತದವರ ಎದುರಿಗೇ ಚಿತ್ರ ಬಂದು ನಿಂತಿತು. ಹೊಸಬರಿಗೆ ಹಣ, ತರಬೇತಿ ಎಲ್ಲ ಬೇಕು ನಿಜ; ಆದರೆ ನೋಡುವ ಕಣ್ಣುಗಳನ್ನು ಒದಗಿಸಿಕೊಡುವುದೇ ದೊಡ್ಡ ಆಸರೆ ಎಂದು ನನಗನಿಸುತ್ತದೆ.

ಬೆಂಗಳೂರಿನಲ್ಲೇ ಇರುವ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1995ರಿಂದ ಕಲೆಯ ಕೆಲಸಗಳಿಗೆ ಅನುದಾನ ಕೊಡುತ್ತಾ ಬಂದಿದೆ. ಅರ್ಜಿಯನ್ನು ಕನ್ನಡದಲ್ಲೂ ಬರೆಯಬಹುದು ಎಂದಾಗ ಹುಡುಗಿಯ ಮುಖ ಅರಳಿತು. ಈ ರಾತ್ರಿ ಇಬ್ಬರೂ ಬರೆಯಲು ಕೂರುತ್ತೇವೆ. ಅದಕ್ಕೆ ಮೊದಲು ಅಮ್ಮನನ್ನು ಕೇಳಬೇಕು: ಆ ಹಚ್ಚೆ ಚುಚ್ಚಿದವಳು ಯಾರು, ಎಲ್ಲಿಂದ ಬಂದಿದ್ದಳು?