ರಾತ್ರಿ ಎರಡು ಗಂಟೆಯ ತನಕ ಬ್ಯಾಂಕಿನಲ್ಲಿ ಎಂಥ ಕೆಲಸ?

1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಹೀಗೆ ಒಂದರ ಹಿಂದೊಂದು ಬ್ಯಾಂಕುಗಳು ಹುಟ್ಟಿದ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಬ್ಯಾಂಕಿನ ಕೆಲಸವೆಂದರೆ ಏನೆಂದು ಯಾರಿಗೂ ವಿವರಿಸಬೇಕಾಗಿಲ್ಲ. ಪ್ರತಿ ಮನೆಯಲ್ಲೂ ಒಬ್ಬ ಕ್ಯಾಷಿಯರ್, ಒಬ್ಬ ಮ್ಯಾನೇಜರ್ ಅಥವಾ ಪೆನ್ಷನ್ ಪಡೆಯುವ ಒಬ್ಬ ದೊಡ್ಡಪ್ಪ ಇದ್ದೇ ಇರುತ್ತಾರೆ. ಆದ್ದರಿಂದಲೇ, ಲಂಡನ್ನಿನ ದೊಡ್ಡ ಇನ್ವೆಸ್ಟ್‌ಮೆಂಟ್ ಬ್ಯಾಂಕೊಂದರಲ್ಲಿ ಅನಲಿಸ್ಟ್ ಆಗಿದ್ದ ನನಗೆ ಊರಿನಲ್ಲಿ ಎದುರಾಗುವ ಪ್ರಶ್ನೆ ಸಂಬಳದ್ದೋ ಚಳಿಯದ್ದೋ ಆಗಿರುವುದಿಲ್ಲ. "ಅಲ್ಲ ಮಾರಾಯ, ಸಂಜೆ ಕೌಂಟರ್ ಮುಚ್ಚಿದ ಮೇಲೆ ಲೆಕ್ಕ ತಾಳೆಯಾದರೆ ಮುಗಿಯಿತಲ್ಲ, ರಾತ್ರಿ ಎರಡು ಗಂಟೆಯ ತನಕ ಬ್ಯಾಂಕಿನಲ್ಲಿ ಎಂಥ ಕೆಲಸ?" ಎಂಬುದೇ ಆ ಪ್ರಶ್ನೆ. ಕೆಲಸಕ್ಕೆ ಅರ್ಜಿ ಹಾಕಲು ಹೊರಟ ಕಾಲೇಜು ಹುಡುಗರು ಇದನ್ನೇ ಬೇರೆ ಮಾತಿನಲ್ಲಿ ಕೇಳುತ್ತಾರೆ. ಇಬ್ಬರಿಗೂ ಸೇರಿಸಿ ಇಲ್ಲಿ ಉತ್ತರ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ನಾನಿದ್ದ ವಿಭಾಗದಲ್ಲಿ ಕೌಂಟರ್ ಇಲ್ಲ, ಠೇವಣಿ ಇಲ್ಲ, ಸಾಲದ ಅರ್ಜಿಯೂ ಇಲ್ಲ. ಕಂಪನಿಯೊಂದು ಮತ್ತೊಂದು ಕಂಪನಿಯನ್ನು ಕೊಳ್ಳಬೇಕಾದಾಗ, ತನ್ನನ್ನೇ ಮಾರಿಕೊಳ್ಳಬೇಕಾದಾಗ ಅಥವಾ ಷೇರು ಮಾರುಕಟ್ಟೆಯಿಂದ ಬಂಡವಾಳ ಎತ್ತಬೇಕಾದಾಗ ಅದಕ್ಕೆ ಸಲಹೆ ಕೊಟ್ಟು, ಬೆಲೆ ಕಟ್ಟಿ, ಮಾತುಕತೆ ನಡೆಸಿಕೊಡುವುದು ಅಲ್ಲಿನ ವ್ಯವಹಾರ. 2018ರ ಮೇ ತಿಂಗಳಲ್ಲಿ ವಾಲ್‌ಮಾರ್ಟ್ ಸಂಸ್ಥೆಯು ಬೆಂಗಳೂರಿನ ಫ್ಲಿಪ್‌ಕಾರ್ಟಿನ ಸುಮಾರು ಶೇ. 77ರಷ್ಟು ಪಾಲನ್ನು 1,600 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತಲ್ಲ, ಅಂಥ ಪ್ರಕಟಣೆಗಳ ಹಿಂದೆ ಎರಡೂ ಕಡೆಯಲ್ಲಿ ಇಂಥ ಬ್ಯಾಂಕುಗಳ ತಂಡಗಳು ಕೂತಿರುತ್ತವೆ. ತಂಡದ ತುದಿಯಲ್ಲಿ ಮ್ಯಾನೇಜಿಂಗ್ ಡೈರೆಕ್ಟರ್, ಅವರ ಕೆಳಗೆ ಡೈರೆಕ್ಟರ್, ವೈಸ್ ಪ್ರೆಸಿಡೆಂಟ್, ಅಸೋಸಿಯೇಟ್, ಎಲ್ಲರಿಗಿಂತ ಕೆಳಗೆ ಅನಲಿಸ್ಟ್ ಇರುತ್ತಾರೆ. ವೈಸ್ ಪ್ರೆಸಿಡೆಂಟ್ ಎಂದರೆ ಉಪಾಧ್ಯಕ್ಷರೆಂದು ತಿಳಿದು ಊರಿನವರು ಬೆರಗಾಗುವುದುಂಟು, ಆದರೆ ಒಂದೇ ಮಹಡಿಯಲ್ಲಿ ಅಂಥವರು ಹತ್ತಾರು ಮಂದಿ ಇರುತ್ತಾರೆ.

ಅನಲಿಸ್ಟನ ಕೆಲಸದಲ್ಲಿ ಮುಖ್ಯವಾದುವು ಎರಡು: ಎಕ್ಸೆಲ್‌ನಲ್ಲಿ ಲೆಕ್ಕದ ಹಾಳೆ ಕಟ್ಟುವುದು, ಅದರ ಫಲವನ್ನು ಪವರ್‌ಪಾಯಿಂಟ್ ಪುಟಗಳಿಗೆ ಏರಿಸುವುದು. ಗಿರಾಕಿಯ ಮುಂದೆ ಇಡುವ ಆ ಪುಟಗಳ ಕಟ್ಟಿಗೆ ಪಿಚ್ ಬುಕ್ ಎನ್ನುತ್ತಾರೆ. ಕೇಳಿದರೆ ಗುಮಾಸ್ತಗಿರಿಯಂತೆ ಕಾಣುತ್ತದೆ, ಬಹುಪಾಲು ಅದು ಗುಮಾಸ್ತಗಿರಿಯೇ ಹೌದು. ಆದರೂ ಒಂದೇ ಒಂದು ಪುಟವನ್ನು ಹತ್ತಿರದಿಂದ ನೋಡಿದರೆ ಹೊತ್ತು ಎಲ್ಲಿ ಕರಗುತ್ತದೆಂದು ತಿಳಿಯುತ್ತದೆ.

ಸಾಫ್ಟ್‌ವೇರ್ ಸೇವೆಯ ಕಂಪನಿಯೊಂದಕ್ಕೆ ಬೆಲೆ ಕಟ್ಟಬೇಕಾಗಿದೆ ಎಂದುಕೊಳ್ಳೋಣ. ಅದೇ ಬಗೆಯ ಇತರ ಕಂಪನಿಗಳಿಗೆ ಮಾರುಕಟ್ಟೆ ಎಷ್ಟು ಬೆಲೆ ಕೊಟ್ಟಿದೆ, ಆ ಬೆಲೆ ಅವುಗಳ ಲಾಭದ ಎಷ್ಟು ಪಟ್ಟು ಎಂಬುದನ್ನು ಒಂದು ಕೋಷ್ಟಕದಲ್ಲಿ ತೋರಿಸಬೇಕು. ಈ ಕೋಷ್ಟಕವನ್ನು ಎಲ್ಲರೂ 'ಕಾಂಪ್ಸ್' ಎಂದು ಕರೆಯುತ್ತಾರೆ. ಇನ್ಫೋಸಿಸ್, ಅಕ್ಸೆಂಚರ್, ಕ್ಯಾಪ್‌ಜೆಮಿನಿಗಳನ್ನು ಒಂದರ ಕೆಳಗೊಂದು ಬರೆದು ಅಂಕಿ ತುಂಬಿಸಿದರೆ ಆಗುವುದಿಲ್ಲವೇ ಎಂದರೆ, ಆಗುವುದಿಲ್ಲ. ಇನ್ಫೋಸಿಸ್‌ನ ಲೆಕ್ಕದ ವರ್ಷ ಮಾರ್ಚ್ 31ಕ್ಕೆ, ಅಕ್ಸೆಂಚರ್‌ನದು ಆಗಸ್ಟ್ 31ಕ್ಕೆ, ಕ್ಯಾಪ್‌ಜೆಮಿನಿಯದು ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಮೂರನ್ನೂ ಜನವರಿಯಿಂದ ಡಿಸೆಂಬರಿನ ಒಂದೇ ಚೌಕಟ್ಟಿಗೆ ತರಬೇಕಾದರೆ, ಇನ್ಫೋಸಿಸ್‌ನ ಆ ಮಾರ್ಚಿಗೆ ಮುಗಿದ ವರ್ಷದ ಕಾಲು ಭಾಗವನ್ನೂ ಮುಂದಿನ ವರ್ಷದ ಮುಕ್ಕಾಲನ್ನೂ, ಅಕ್ಸೆಂಚರ್‌ನ ಒಂದು ವರ್ಷದಿಂದ ಎಂಟು ತಿಂಗಳನ್ನೂ ಮುಂದಿನದರಿಂದ ನಾಲ್ಕು ತಿಂಗಳನ್ನೂ ತೆಗೆದು ಕೂಡಿಸಬೇಕು. ಲಾಭದಲ್ಲಿ ಆ ವರ್ಷ ಮಾತ್ರ ಬಂದ ಆದಾಯವಿದ್ದರೆ, ಉದಾಹರಣೆಗೆ ಕಟ್ಟಡವೊಂದನ್ನು ಮಾರಿದ ಹಣವಿದ್ದರೆ, ಅದನ್ನು ವಾರ್ಷಿಕ ವರದಿಯ ಹಿಂದಿನ ಟಿಪ್ಪಣಿಗಳಲ್ಲಿ ಹುಡುಕಿ ಕಳೆಯಬೇಕು. ಆಮೇಲೆ ಷೇರುಗಳ ಸಂಖ್ಯೆ ಬರುತ್ತದೆ. ಇನ್ಫೋಸಿಸ್ 2017ರಲ್ಲಿ 13,000 ಕೋಟಿ ರೂಪಾಯಿಯ ಷೇರುಗಳನ್ನು ಮರುಖರೀದಿ ಮಾಡಿತು, ಮರುವರ್ಷ ಒಂದಕ್ಕೊಂದರಂತೆ ಬೋನಸ್ ಷೇರು ಕೊಟ್ಟಿತು, ಅಂದರೆ ಷೇರುಗಳ ಸಂಖ್ಯೆ ಇಮ್ಮಡಿಯಾಗಿ ಒಂದೊಂದರ ಬೆಲೆ ಹೆಚ್ಚುಕಡಿಮೆ ಅರ್ಧವಾಯಿತು. ಬೋನಸ್ಸಿನ ನಂತರದ ಬೆಲೆಯನ್ನು ಬೋನಸ್ಸಿಗಿಂತ ಮುಂಚಿನ ವರದಿಯ ಷೇರು ಸಂಖ್ಯೆಯಿಂದ ಗುಣಿಸಿದರೆ ಕಂಪನಿಯ ಬೆಲೆ ಅರ್ಧಕ್ಕೆ ಇಳಿದಿರುತ್ತದೆ, ಎಕ್ಸೆಲ್ ಮಾತ್ರ ಯಾವ ತಕರಾರೂ ಇಲ್ಲದೆ ಆ ಅರ್ಧವನ್ನೇ ಎರಡು ದಶಮಾಂಶದವರೆಗೆ ಅಚ್ಚುಕಟ್ಟಾಗಿ ತೋರಿಸುತ್ತದೆ. ಕೊನೆಗೆ ಆ ಬೆಲೆಗೆ ಕಂಪನಿಯ ಸಾಲವನ್ನು ಕೂಡಿಸಿ, ಕೈಯಲ್ಲಿರುವ ನಗದನ್ನು ಕಳೆದು, ಕರೆನ್ಸಿ ಬದಲಿಸಿ, ಪ್ರತಿ ಅಂಕಿಯೂ ಯಾವ ವರದಿಯ ಯಾವ ಪುಟದಿಂದ ಬಂತೆಂದು ಬರೆದಿಡಬೇಕು. ಇಷ್ಟಾದ ಮೇಲೆ ಕೋಷ್ಟಕದ ಒಂದು ಸಾಲು ಸಿದ್ಧವಾಗುತ್ತದೆ, ಕೋಷ್ಟಕದಲ್ಲಿ ಹತ್ತು ಹನ್ನೆರಡು ಸಾಲುಗಳಿರುತ್ತವೆ.

ಷೇರುಗಳನ್ನು ಎಣಿಸುವುದಕ್ಕೆ ಇಷ್ಟೊಂದು ಗಾಬರಿ ಏಕೆಂದು ಕೇಳುವವರಿಗೆ ಟಿಬ್ಕೊ ಪ್ರಕರಣವನ್ನು ಹೇಳುತ್ತೇನೆ. 2014ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಟಿಬ್ಕೊ ಸಾಫ್ಟ್‌ವೇರ್ ಕಂಪನಿಯನ್ನು ಷೇರಿಗೆ 24 ಡಾಲರಿನಂತೆ ಕೊಳ್ಳಲು ವಿಸ್ತಾ ಈಕ್ವಿಟಿ ಪಾರ್ಟ್‌ನರ್ಸ್ ಎಂಬ ಹೂಡಿಕೆ ಸಂಸ್ಥೆ ಒಪ್ಪಿತು. ಒಪ್ಪಂದವೆಲ್ಲ ಪ್ರಕಟವಾದ ಮೇಲೆ ಗೊತ್ತಾದದ್ದೇನೆಂದರೆ, ನೌಕರರಿಗೆ ಕೊಟ್ಟಿದ್ದ ಒಂದಷ್ಟು ನಿರ್ಬಂಧಿತ (ಕೂಡಲೇ ಮಾರಲಾಗದ) ಷೇರುಗಳು ಲೆಕ್ಕದ ಹಾಳೆಯಲ್ಲಿ ಎರಡು ಸಲ ಎಣಿಕೆಯಾಗಿದ್ದವು. ಷೇರಿನ ದರ ಅದೇ ಉಳಿಯಿತು, ಆದರೆ ಕಂಪನಿಯ ಒಟ್ಟು ಬೆಲೆ ಎಲ್ಲರೂ ತಿಳಿದಿದ್ದಕ್ಕಿಂತ ಸುಮಾರು 10 ಕೋಟಿ ಡಾಲರ್ ಕಡಿಮೆಯಾಗಿತ್ತು. ವಿಷಯ ಅಮೆರಿಕದ ಡೆಲವೇರ್ ರಾಜ್ಯದ ನ್ಯಾಯಾಲಯದ ಮೆಟ್ಟಿಲೇರಿತು. ಅಂಥ ಹಾಳೆಗಳನ್ನು ಸಾಮಾನ್ಯವಾಗಿ ಮೊದಲು ತುಂಬುವವನು ತಂಡದ ಅತಿ ಕಿರಿಯನೇ ಆದ್ದರಿಂದ, ಮುದ್ರಣಕ್ಕೆ ಹೋಗುವ ಮುನ್ನ ಪ್ರತಿ ಪುಟವನ್ನೂ ಕಾಗದದ ಮೇಲೆ ತೆಗೆದು, ಪೆನ್ನು ಹಿಡಿದು, ಅಂಕಿ ಅಂಕಿಗೂ ಗುರುತು ಹಾಕುವ ಕ್ರಮ ಎಲ್ಲ ಬ್ಯಾಂಕುಗಳಲ್ಲೂ ಇದೆ. ಕೈಯಿಂದ ತುಂಬಿದ ಅಂಕಿ ನೀಲಿ, ಸೂತ್ರದಿಂದ ಬಂದದ್ದು ಕಪ್ಪು, ಬೇರೆ ಹಾಳೆಯಿಂದ ಎಳೆದುಕೊಂಡದ್ದು ಹಸಿರು ಎಂಬ ಬಣ್ಣದ ಶಿಸ್ತು ಕೂಡ ಇದಕ್ಕಾಗಿಯೇ ಇರುವುದು.

ಇಷ್ಟೆಲ್ಲ ಇದ್ದರೂ, ಇದು ರಾತ್ರಿ ಎರಡು ಗಂಟೆಗೆ ಪೂರ್ತಿ ಕಾರಣವಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಕೂತು ಒಂದೇ ಸಮನೆ ಮಾಡಿದರೆ ಬಹಳಷ್ಟು ದಿನಗಳ ಕೆಲಸ ರಾತ್ರಿ ಊಟದ ಹೊತ್ತಿಗೆ ಮುಗಿಯುವಷ್ಟೇ ಇರುತ್ತದೆ. ಆದರೆ ಕೆಲಸ ಬರುವುದು ಬೆಳಿಗ್ಗೆ ಅಲ್ಲ. ಹಿರಿಯರು ಹಗಲೆಲ್ಲ ಗಿರಾಕಿಗಳ ಜೊತೆ ಇರುತ್ತಾರೆ, ಪುಟಗಳನ್ನು ಅವರು ನೋಡುವುದು ಸಂಜೆ ಏಳರ ಮೇಲೆ, ಟ್ಯಾಕ್ಸಿಯಲ್ಲೋ ವಿಮಾನ ನಿಲ್ದಾಣದಲ್ಲೋ ಕೂತು. ಅವರು ಪೆನ್ನಿನಲ್ಲಿ ಗೀಚಿದ ತಿದ್ದುಪಡಿಯ ಫೋಟೋ ವೈಸ್ ಪ್ರೆಸಿಡೆಂಟರಿಗೆ ಬಂದು, ಅವರು ತಮ್ಮದನ್ನೂ ಸೇರಿಸಿ ಅಸೋಸಿಯೇಟಿಗೆ ಕಳಿಸಿ, ಅನಲಿಸ್ಟನ ಮೇಜಿಗೆ ಬರುವಷ್ಟರಲ್ಲಿ ಒಂಬತ್ತು ದಾಟಿರುತ್ತದೆ. ಮಧ್ಯಾಹ್ನವಿಡೀ ಕಾದು ಕೂತವನಿಗೆ ನಿಜವಾದ ದಿನ ಶುರುವಾಗುವುದು ಆಗಲೇ. ಮೂರನೆಯ ಪುಟದಲ್ಲಿ ಒಂದು ಅಂಕಿ ಬದಲಾದರೆ ಸಾರಾಂಶದ ಪುಟ, ನಕ್ಷೆ, ಅಡಿಟಿಪ್ಪಣಿ ಎಲ್ಲವೂ ಬದಲಾಗಬೇಕು, ಮತ್ತೆ ಮೇಲಕ್ಕೆ ಹೋಗಬೇಕು, ಮತ್ತೆ ತಿದ್ದುಪಡಿ ಇಳಿದು ಬರಬೇಕು. ಪುಟಗಳ ವಿನ್ಯಾಸ, ನಕ್ಷೆಗಳ ಕೆಲಸವನ್ನು ಈಗ ಅನೇಕ ಬ್ಯಾಂಕುಗಳು ಭಾರತದ ಕಚೇರಿಗಳಿಗೆ ವಹಿಸಿವೆ. ಲಂಡನ್ನಿನಲ್ಲಿ ಬೇಸಿಗೆಯ ರಾತ್ರಿ ಒಂಬತ್ತಾದರೆ ಬೆಂಗಳೂರಿನಲ್ಲಿ ನಡುರಾತ್ರಿ ಒಂದೂವರೆ. ಹೊರವರ್ತುಲ ರಸ್ತೆಯ ಕಚೇರಿಯೊಂದರಲ್ಲಿ ರಾತ್ರಿ ಪಾಳಿಯ ತಂಡದವರಿಗೆ ಫೋನ್ ಮಾಡಿದಾಗ ಆ ಕಡೆಯಿಂದ ಇಂಗ್ಲಿಷಿನ ನಡುವೆ "ಸ್ವಲ್ಪ ಇರಿ ಸರ್" ಎಂಬ ಮಾತು ಕೇಳಿ, ಉಳಿದದ್ದನ್ನು ಕನ್ನಡದಲ್ಲೇ ಮುಗಿಸಿದ್ದೂ ಇದೆ.

ಇದನ್ನು ಯಾರೂ ಏಕೆ ಸರಿಪಡಿಸುವುದಿಲ್ಲ ಎಂಬುದಕ್ಕೆ ನನ್ನ ಉತ್ತರ ಶುಲ್ಕದ ಸ್ವರೂಪದಲ್ಲಿದೆ. ಅದೇ ವ್ಯವಹಾರದಲ್ಲಿ ನಮ್ಮ ಎದುರು ಕೂರುವ ವಕೀಲರ ಸಂಸ್ಥೆಗಳು ಸಾಮಾನ್ಯವಾಗಿ ಗಂಟೆಯ ಲೆಕ್ಕದಲ್ಲಿ ಬಿಲ್ ಹಾಕುತ್ತವೆ. ಕಿರಿಯ ವಕೀಲೆಯ ಒಂದು ಗಂಟೆ ವ್ಯರ್ಥವಾದರೆ ಯಾರೋ ಒಬ್ಬರು ಅದಕ್ಕೆ ಹಣ ತೆರಬೇಕು, ಇಲ್ಲವೇ ಗಿರಾಕಿ ಬಿಲ್ ನೋಡಿ ಪ್ರಶ್ನೆ ಕೇಳುತ್ತಾನೆ. ಬ್ಯಾಂಕಿನ ಶುಲ್ಕದ ಬಹುಪಾಲು ವ್ಯವಹಾರ ಕುದುರಿದರೆ ಮಾತ್ರ ಸಿಗುವಂಥದ್ದು, ಅದು ವ್ಯವಹಾರದ ಮೊತ್ತದ ಮೇಲಿನ ಶೇಕಡಾವಾರು. ಕುದುರದಿದ್ದರೆ ಅಷ್ಟೂ ರಾತ್ರಿಗಳು ಹೆಚ್ಚುಕಡಿಮೆ ಉಚಿತ. ಇನ್ನು ಗಿರಾಕಿಯನ್ನು ಒಲಿಸಿಕೊಳ್ಳಲು ಮಾಡುವ ಪಿಚ್ ಬುಕ್ಕಿಗಂತೂ ಯಾರೂ ಕಾಸು ಕೊಡುವುದಿಲ್ಲ. ಅನಲಿಸ್ಟನಿಗೆ ವರ್ಷದ ಸಂಬಳ ಗೊತ್ತುಪಡಿಸಿದೆ, ವರ್ಷದ ಕೊನೆಯಲ್ಲಿ ಬೋನಸ್ ಇದೆ, ಓವರ್‌ಟೈಮ್ ಎಂಬುದಿಲ್ಲ. ಹೀಗಿರುವಾಗ ಎಪ್ಪತ್ತು ಪುಟಗಳ ಬದಲು ನೂರು ಪುಟ ಮಾಡಿಸಿದರೆ ಬ್ಯಾಂಕಿಗೆ ಹೆಚ್ಚಿನ ಖರ್ಚಿಲ್ಲ, ಆ ಮೂವತ್ತು ಪುಟಗಳಲ್ಲಿ ಒಂದು ಗಿರಾಕಿಯ ಕಣ್ಣಿಗೆ ಬಿದ್ದರೆ ಕೋಟ್ಯಂತರ ಡಾಲರಿನ ಲಾಭವಿದೆ. ಬೆಲೆಯಿಲ್ಲದ ವಸ್ತುವನ್ನು ಯಾರೂ ಹಿಡಿತದಲ್ಲಿ ಖರ್ಚು ಮಾಡುವುದಿಲ್ಲ, ಇಲ್ಲಿ ಬೆಲೆಯಿಲ್ಲದ ವಸ್ತುವೆಂದರೆ ಇಪ್ಪತ್ತೆರಡು ವರ್ಷದವರ ರಾತ್ರಿ. ಹಿರಿಯರು ಕ್ರೂರಿಗಳು ಎಂಬ ವಿವರಣೆಯನ್ನು ನಾನು ಒಪ್ಪುವುದಿಲ್ಲ. ನಾನು ಕಂಡವರಲ್ಲಿ ಹೆಚ್ಚಿನವರು ಒಳ್ಳೆಯವರೇ, ಆದರೆ ಒಳ್ಳೆಯವರಿಗೂ ರಾತ್ರಿ ಹತ್ತಕ್ಕೆ "ಇನ್ನೊಂದು ಬಗೆಯಲ್ಲೂ ಲೆಕ್ಕ ಹಾಕಿ ನೋಡಿಬಿಡಿ" ಎನ್ನಲು ಏನೂ ಅಡ್ಡಿಯಿರಲಿಲ್ಲ.

ಅಡ್ಡಿ ಹಾಕುವ ಪ್ರಯತ್ನಗಳು ನಡೆದಿಲ್ಲವೆಂದಲ್ಲ. 2013ರ ಬೇಸಿಗೆಯಲ್ಲಿ ಲಂಡನ್ನಿನ ಬ್ಯಾಂಕೊಂದರಲ್ಲಿ ಇಂಟರ್ನ್ ಆಗಿದ್ದ 21 ವರ್ಷದ ವಿದ್ಯಾರ್ಥಿಯೊಬ್ಬ ತೀರಿಕೊಂಡ. ಸಾವಿಗೆ ಅಪಸ್ಮಾರ ಕಾರಣವೆಂದೂ ದಣಿವು ಅದನ್ನು ಕೆರಳಿಸಿರಬಹುದಾದರೂ ಹಾಗೆಂದು ಖಚಿತವಾಗಿ ಹೇಳಲಾಗದೆಂದೂ ವಿಚಾರಣೆಯಲ್ಲಿ ಹೇಳಲಾಯಿತು. ಅದೇ ವರ್ಷ ಗೋಲ್ಡ್‌ಮನ್ ಸ್ಯಾಕ್ಸ್ ಸಂಸ್ಥೆಯು ಶುಕ್ರವಾರ ರಾತ್ರಿ 9ರಿಂದ ಭಾನುವಾರ ಬೆಳಿಗ್ಗೆ 9ರ ತನಕ ಕಿರಿಯರು ಕಚೇರಿಗೆ ಬರಬಾರದೆಂಬ ನಿಯಮ ತಂದಿತು. 2021ರಲ್ಲಿ ಅಲ್ಲಿನದೇ 13 ಮಂದಿ ಮೊದಲ ವರ್ಷದ ಅನಲಿಸ್ಟರು ತಾವೇ ನಡೆಸಿದ ಸಮೀಕ್ಷೆ ಬಯಲಾಯಿತು. ಅದರಲ್ಲಿ ವಾರದ ಸರಾಸರಿ ದುಡಿಮೆ 95 ಗಂಟೆ, ದಿನದ ನಿದ್ದೆ ಐದು ಗಂಟೆ ಎಂದಿತ್ತು. ಬ್ಯಾಂಕುಗಳು ಕೂಡಲೇ ಮಾಡಿದ್ದು ಸಂಬಳ ಏರಿಸಿದ್ದು. ಆ ವರ್ಷ ಗೋಲ್ಡ್‌ಮನ್‌ನಲ್ಲಿ ಮೊದಲ ವರ್ಷದ ಮೂಲವೇತನ 1,10,000 ಡಾಲರಿಗೇರಿತು. ಸಂಬಳ ಏರಿದರೂ ಗಂಟೆಯ ಬೆಲೆ ಸೊನ್ನೆಯೇ ಉಳಿಯಿತು ಎಂಬುದನ್ನು ಗಮನಿಸಿ: ವರ್ಷಕ್ಕೆ ಎಷ್ಟು ಕೊಟ್ಟರೂ ಹತ್ತು ಗಂಟೆಯ ಮೇಲಿನ ಹನ್ನೊಂದನೆಯ ಗಂಟೆ ಪುಕ್ಕಟೆಯೇ. 2024ರಲ್ಲಿ ಜೆಪಿ ಮಾರ್ಗನ್ ಹೆಚ್ಚಿನ ಸಂದರ್ಭಗಳಲ್ಲಿ ವಾರಕ್ಕೆ 80 ಗಂಟೆಯ ಮಿತಿ ಹಾಕಿತು, ನಡೆಯುತ್ತಿರುವ ವ್ಯವಹಾರಗಳಿಗೆ ವಿನಾಯಿತಿ ಇಟ್ಟಿತು. ಇಂಥ ಮಿತಿಗಳಿಂದ ಏನೂ ಆಗಿಲ್ಲವೆಂದರೆ ಅನ್ಯಾಯವಾದೀತು, ಶನಿವಾರ ಉಳಿದದ್ದು ದೊಡ್ಡ ವಿಷಯ. ಆದರೆ ಶನಿವಾರದ ಕೆಲಸ ಬಹಳಷ್ಟು ಸಲ ಭಾನುವಾರಕ್ಕೆ ಜಾರಿತು, ವಿನಾಯಿತಿ ಎಂಬ ಪದ ಎಷ್ಟು ಹಿಗ್ಗುತ್ತದೆ ಎಂಬುದು ಆ ತಂಡದ ಹಿರಿಯರನ್ನು ಅವಲಂಬಿಸಿತು.

ಹಾಗಾದರೆ ಸೇರಬೇಕೇ ಎಂದು ಕೇಳುವ ಹುಡುಗ ಹುಡುಗಿಯರಿಗೆ ನಾನು ಬೇಡವೆಂದು ಹೇಳಿಲ್ಲ. ಎರಡು ವರ್ಷದಲ್ಲಿ ಕಂಪನಿಯೊಂದರ ವಾರ್ಷಿಕ ವರದಿಯನ್ನು ಹಿಂದಿನ ಪುಟಗಳಿಂದ ಓದುವ ಅಭ್ಯಾಸ, ಅಧ್ಯಕ್ಷರ ಭಾಷಣವನ್ನು ಬಿಟ್ಟು ಟಿಪ್ಪಣಿಗಳಿಗೆ ಹೋಗುವ ಅಭ್ಯಾಸ ಆಗುತ್ತದೆ, ಅದನ್ನು ಬೇರೆಲ್ಲೂ ಅಷ್ಟು ಬೇಗ ಕಲಿಸುವುದಿಲ್ಲ. ಆದರೆ ಬೆಂಗಳೂರಿನಲ್ಲಿ ಸೇರುವವರು ಆಫರ್ ಲೆಟರಿನಲ್ಲಿ 'ಅನಲಿಸ್ಟ್' ಎಂದು ಕಂಡ ಕೂಡಲೇ ನಾನು ಮೇಲೆ ಬರೆದದ್ದೆಲ್ಲ ತಮಗೆ ಅನ್ವಯಿಸುತ್ತದೆಂದು ತಿಳಿಯಬಾರದು. ಅನೇಕ ದೊಡ್ಡ ಬ್ಯಾಂಕುಗಳಲ್ಲಿ ಅದು ಕೆಲಸದ ಹೆಸರಲ್ಲ, ದರ್ಜೆಯ ಹೆಸರು. ಕೋಡ್ ಬರೆಯುವ ಇಂಜಿನಿಯರ್, ವಹಿವಾಟು ಇತ್ಯರ್ಥ ಮಾಡುವವರು, ರಿಸ್ಕ್ ಲೆಕ್ಕ ಹಾಕುವವರು, ಲಂಡನ್ನಿನ ತಂಡಕ್ಕೆ ಕಾಂಪ್ಸ್ ಮಾಡಿಕೊಡುವವರು ಎಲ್ಲರೂ ಮೊದಲ ಮೆಟ್ಟಿಲಿನಲ್ಲಿ ಅನಲಿಸ್ಟರೇ. ಸಂದರ್ಶನದ ಕೊನೆಯಲ್ಲಿ ಪ್ರಶ್ನೆಗಳೇನಾದರೂ ಇವೆಯೇ ಎಂದು ಕೇಳುತ್ತಾರಲ್ಲ, ಆಗ ಸಂಸ್ಥೆಯ ಸಂಸ್ಕೃತಿಯ ಬಗ್ಗೆ ಕೇಳುವ ಬದಲು, ತಂಡವು ಯಾವ ಊರಿನ ಯಾರಿಗೆ ಕೆಲಸ ಒಪ್ಪಿಸುತ್ತದೆ, ಅವರ ತಿದ್ದುಪಡಿಗಳು ಇಲ್ಲಿನ ಎಷ್ಟು ಹೊತ್ತಿಗೆ ಬರುತ್ತವೆ ಎಂದು ಕೇಳಿ. ನ್ಯೂಯಾರ್ಕಿನ ಸಂಜೆ ಆರು ಎಂದರೆ ಇಲ್ಲಿ ಬೇಸಿಗೆಯಲ್ಲಿ ಬೆಳಗಿನ ಜಾವ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ.